ಕಾಲಿಂಚು

ವಿನಿಪೆಗ್‌ನ ಮಣ್ಣಿಗೆ ಮಾತು ನಿಲ್ಲದು.
ಏಪ್ರಿಲ್‌ನಲ್ಲಿ ಹಿಮ ಕರಗಿದ ನೀರೆಲ್ಲ ಕುಡಿದು ಉಬ್ಬುತ್ತದೆ,
ಆಗಸ್ಟ್ ಬಂದರೆ ಬಿರಿದು, ಗೋಡೆಗೆ ಬೆನ್ನು ಹಾಕಿ,
ಮನೆಗೂ ತನಗೂ ನಡುವೆ
ಅಂಗೈ ತೂರುವಷ್ಟು ಸಂದು ಬಿಟ್ಟು ಕೂರುತ್ತದೆ.
ಕಪ್ಪು ಜೇಡಿ. ಹಾರೆಗೆ ಅಂಟಿದರೆ ಬಿಡದು.
ಬೂಟು ಕಿತ್ತಿಟ್ಟುಕೊಂಡು
ಕಾಲನ್ನು ಮಾತ್ರ ವಾಪಸು ಕೊಡುವ ಜಾತಿ.

ಹಲೀನಾ ಪ್ರಿಹೋಡಾಳ ಮನೆ
ಎಲ್ಮ್ ಮರದ ಕಡೆಗೆ ಎರಡೂಮುಕ್ಕಾಲು ಇಂಚು ಇಳಿದಿತ್ತು.
ಅಡುಗೆಮನೆಯಲ್ಲಿ ಗೋಲಿ ಇಟ್ಟರೆ
ಯಾರೂ ದೂಡದೆ ಫ್ರಿಜ್ಜಿನಡಿಗೆ ಹೊರಡುತ್ತಿತ್ತು.
ಬಟ್ಟಲಿನ ಬೀಟ್‌ರೂಟ್ ಸಾರು ಒಂದಂಚಿಗೆ ಹೆಚ್ಚು ಕೆಂಪು.
ಮಂಚದ ಎರಡು ಕಾಲಿಗೆ ಹಳೆಯ ಟೆಲಿಫೋನ್ ಡೈರೆಕ್ಟರಿ,
ಗಂಡ ಓಸ್ತಾಪ್ ಇಟ್ಟದ್ದು,
'ಸದ್ಯಕ್ಕೆ' ಅಂತ, ಎಂಬತ್ತೊಂಬತ್ತರಲ್ಲಿ.

ನಾವು ಮೂವರು: ಲೂಸಿಯೆನ್, ಬೆನಿಲ್ಡೊ, ನಾನು.
ಬೇಸ್‌ಮೆಂಟಿಗೆ ಇಳಿದೆವು. ಗೋಡೆ ಉಪ್ಪು ಬೆವರಿತ್ತು.
ಸೌತೆಕಾಯಿ ಉಪ್ಪಿನಕಾಯಿಯ ನಲವತ್ತು ಜಾಡಿ,
ತುಕ್ಕು ಹಿಡಿದ ಪಂಪು, ಮಡಚಿದ ಗಾಲಿಕುರ್ಚಿ.
ಜಾಡಿಗಳನ್ನು ಒಂದೊಂದಾಗಿ ಮೇಲೆ ಸಾಗಿಸಿದೆವು.
ಕುರ್ಚಿಯನ್ನು ಆಕೆಯೇ ಎತ್ತಿಕೊಂಡಳು.

ಒಂದು ಗುಂಡಿ ತೋಡಿದರೆ ಅದರ ಮಗ್ಗುಲದ್ದನ್ನು ತೋಡಬಾರದು.
ಮೂರಡಿ ತೋಡು, ಆರಡಿ ಬಿಡು.
ಮನೆಗೆ ತಿಳಿಯಬಾರದು, ಅನ್ನುತ್ತಾನೆ ಲೂಸಿಯೆನ್,
ಅದರ ಕಾಲು ನಮ್ಮ ಕೈಯಲ್ಲಿದೆ ಎಂದು.
ಅಡಿಪಾಯದ ಅಡಿಗೆ ತಲೆ ತೂರಿಸಿ ಅಂಗಾತ ಮಲಗಿದ್ದೆ.
ಮೂಗಿನಿಂದ ಒಂದು ಗೇಣು ಮೇಲೆ
ನೂರು ವರ್ಷದ ಕಾಂಕ್ರೀಟು, ಅದರ ಮೇಲೆ ಒಲೆ, ಪಿಯಾನೊ,
ಅತ್ತಿಂದಿತ್ತ ನಡೆಯುವ ಹಲೀನಾಳ ಚಪ್ಪಲಿ.
ಬಿರುಕಿನಿಂದ ಇಳಿಬಿದ್ದಿತ್ತು ದಾರದಂಥ ಒಂದು ಬೇರು.
ಮರ ಕಡಿಸೋಣವೇ ಎಂದರೆ
'ಬಾಯಾರಿದವರನ್ನು ಕಡಿಯುತ್ತಾರೆಯೇ?' ಅಂದಳು.
ಬೆನಿಲ್ಡೊ ಕತ್ತರಿಯನ್ನು ಜೇಬಿಗೆ ಹಾಕಿಕೊಂಡ.

ಉಕ್ಕಿನ ಕಂಬಗಳು ತಿರುಚುತ್ತ ತಿರುಚುತ್ತ ಇಳಿದವು.
ಹತ್ತಡಿಗೆ ಮೆತ್ತಗೆ. ಇಪ್ಪತ್ತಕ್ಕೂ ಮೆತ್ತಗೆ.
ಮೂವತ್ತೊಂದನೆಯ ಅಡಿಯಲ್ಲಿ ಯಂತ್ರ ಗೊಣಗಿತು:
ಗಟ್ಟಿ.

ಆಮೇಲೆ ಜ್ಯಾಕು.
ಎಳ್ಳಷ್ಟು. ನಿಲ್ಲು. ಇನ್ನೊಂದು ಎಳ್ಳಷ್ಟು.
ಮೊಳೆಗಳು ಮಂಡಿನೋವಿನ ಮುದುಕಿಯರಂತೆ ಎದ್ದವು,
ನರಳುತ್ತ, ಒಬ್ಬೊಬ್ಬರನ್ನು ಹಿಡಿದುಕೊಂಡು.
ರಸಮಟ್ಟದ ಗುಳ್ಳೆ ಅಳುಕುತ್ತ ನಡುಗೆರೆಗೆ ಬಂತು.
ಆಗ ಮೇಲೆಲ್ಲೋ
ಟಕ್.

ಹದಿನಾರು ವರ್ಷ ಮುಚ್ಚದ ಹಿಂದಿನ ಕೋಣೆಯ ಬಾಗಿಲು
ತಾನೇ ಹೋಗಿ ಚಿಲಕ ಹಾಕಿಕೊಂಡಿತ್ತು.

ಹಲೀನಾ ಮೆಟ್ಟಿಲ ಮೇಲೆ ನಿಂತಿದ್ದಳು, ಕೈಯಲ್ಲಿ ಒರೆಸುವ ಬಟ್ಟೆ.
'ಅದು ಮುಚ್ಚುತ್ತಿದ್ದರೆ
ಆ ಚಳಿಗಾಲ ಅವನ ಕೆಮ್ಮು ನನಗೆ ಕೇಳಿಸುತ್ತಿರಲಿಲ್ಲ,'
ಅಂದಳು, ಯಾರಿಗೂ ಅಲ್ಲ.
ಲೂಸಿಯೆನ್ ಟೋಪಿ ತೆಗೆದ, ತಲೆ ಕೆರೆದ,
ಮತ್ತೆ ಹಾಕಿಕೊಂಡ.
ಮೂವತ್ತು ವರ್ಷದಲ್ಲಿ ಅವನು ಎತ್ತಿದ್ದನ್ನು
ಇಳಿಸಿದ್ದು ನಾನು ಕಂಡಿಲ್ಲ.
'ಗಾರೆಯೂ ಬಿರುಕು ಬಿಡುತ್ತಿದೆ,' ಅಂದ
(ಬಿಡುತ್ತಿರಲಿಲ್ಲ),
'ಕಾಲಿಂಚು ಹಿಂದಕ್ಕೆ.'

ಬಿಲ್ಲಿನಲ್ಲಿ 'ಸಮ' ಎಂದೇ ಬರೆದ.

ಹೊಸ ಪಂಪು ಕೂರಿಸಿದೆವು, ಗೋಡೆಗೆ ಹೊರಗಿನಿಂದ ಡಾಂಬರು ಬಳಿದೆವು,
ಮಣ್ಣನ್ನು ಮತ್ತೆ ಅದರ ಜಾಗಕ್ಕೆ ತುಳಿದೆವು.
ಕೊನೆಯ ದಿನ ಆಕೆ ಅಡುಗೆಮನೆಯಲ್ಲಿ ತಡವರಿಸುತ್ತಿದ್ದಳು,
ಹಡಗಿನಿಂದ ಆಗಷ್ಟೇ ಇಳಿದವಳ ಹಾಗೆ,
ಇಲ್ಲದ ಇಳಿಜಾರಿಗೆ ಮೈ ವಾಲಿಸುತ್ತ.
ನೆಲದ ಮೇಲೆ ಗೋಲಿ ಇಟ್ಟಳು.
ಬಹಳ ಹೊತ್ತು ಯೋಚಿಸಿ
ಅದು ಫ್ರಿಜ್ಜಿನ ಕಡೆಗೇ ಹೊರಟಿತು, ಮೆಲ್ಲಗೆ.

ಆಳಿಗೊಂದು ಜಾಡಿ ಕೊಟ್ಟಳು.
ಟ್ರಕ್ಕಿನಲ್ಲಿ ನನ್ನದು ಮಂಡಿಗಳ ನಡುವೆ.
ತಿರುವು ಬಂದಾಗಲೆಲ್ಲ ಉಪ್ಪುನೀರು ಒಂದು ಕಡೆಗೆ ವಾಲಿ
ಸಬ್ಬಸಿಗೆ ಎಳೆಗಳ ಸಮೇತ
ಮತ್ತೆ ನೆಟ್ಟಗಾಗುತ್ತಿತ್ತು.
ಮುಚ್ಚಳ ಬಿಗಿ ಇದೆಯೇ ಎಂದು
ಬೆನಿಲ್ಡೊ ಎರಡು ಸಲ ಕೇಳಿದ.