ಮೂರನೇ ಸಾಲಿನ ತಪ್ಪು

ಸಾಗರದ ಮಾರ್ಕೆಟ್ ರಸ್ತೆಯ ಅಂಗಡಿಯಲ್ಲಿ
ಡಬಲ್ ಕಾಟಿನ ಚಾದರ, ಆರುನೂರ ನಲವತ್ತು,
ಬಣ್ಣ ಗ್ಯಾರಂಟಿ ಎನ್ನುತ್ತ
ಹುಡುಗ ಕೊಡವಿ ಹರಡಿದಾಗ
ನನ್ನ ಕಣ್ಣು ನೇರ ಹೋದದ್ದು
ಜೋಗಿ ಜಡೆಯ ಮೂರನೇ ಸಾಲಿಗೆ.

ಅಲ್ಲಿತ್ತು.
ಎಳೆ ಚೂರು ಜಾರಿ, ಗಿಣಿಕೊಕ್ಕಿನಷ್ಟು ಬಾಗಿ
ಮತ್ತೆ ಏನೂ ಆಗಿಲ್ಲವೆಂಬಂತೆ ನೆಟ್ಟಗೆ ನಡೆದ ಜಾಗ.

ಅವತ್ತು ಹಾಲಮ್ಮ ಚಿಕ್ಕಿ
ಪುಂಡಿ ನಾರಿನ ತುದಿಯನ್ನು ಅಕ್ಕಿ ಹಿಟ್ಟಿಗದ್ದಿ
ಉಸಿರು ಹಿಡಿದು ಎಳೆಯುತ್ತಿದ್ದಳು.
ಮೀಟರ್ ಓದುವವನು ಅಂಗಳದಿಂದ
"ಯಾರಿದ್ದೀರಿ?" ಎಂದು ಕೂಗಿದ.
ಕೈ ಬೆಚ್ಚಿತು.
ಕೆಮ್ಮಣ್ಣಿನ ಗೋಡೆ, ಒರೆಸಿದರೆ ಇನ್ನೂ ಕೆಡುತ್ತದೆ.
"ಇರಲಿ ಬಿಡು, ಮದುಮಕ್ಕಳು ಹಸೆಗೆ ಕೂತರೆ
ಅವರ ಬೆನ್ನಿಗೆ ಬರ್ತದೆ, ಯಾರಿಗೂ ಕಾಣೋದಿಲ್ಲ."

ನನ್ನ ಫೋನಿಗೆ ಕಂಡಿತು.
ಅವಳನ್ನು ಕೇಳಲಿಲ್ಲ. ತೆಗೆದೆ, ಹಾಕಿದೆ.
"ನಮ್ಮನೆ ಹಸೆ ಚಿತ್ತಾರ" ಎಂದು ಬರೆದೆ.
ಅವಳ ಹೆಸರು ಬರೆಯಲಿಲ್ಲ, ಹೊಳೆಯಲೂ ಇಲ್ಲ.
ಬೆಳಗಾಗುವಷ್ಟರಲ್ಲಿ ಮುನ್ನೂರು ಹೃದಯ ಬಿದ್ದಿದ್ದವು.

"ಸೂರತ್ತಿನ ಮಾಲು ಅಕ್ಕಾ," ಅಂದ ಹುಡುಗ.
"ಡಿಸೈನು ನೆಟ್ಟಿಂದ. ಯಾರದ್ದೂ ಅಲ್ಲ."

ರಾತ್ರಿ ಆ ಕರಾರನ್ನು ಮೊದಲ ಸಲ ಓದಿದೆ.
ಪಂಚಾಯ್ತಿಯಲ್ಲಿ ನನ್ನ ಕೆಲಸವೇ ಅದು,
ದಿನಕ್ಕೆ ನಲವತ್ತು ಜನರ ಪರವಾಗಿ
ಚೌಕದೊಳಗೆ ಗುರುತು ಹಾಕಿ "ಒಪ್ಪಿದ್ದೇನೆ" ಒತ್ತುವುದು.
ನನ್ನದನ್ನೂ ಹಾಗೇ ಒತ್ತಿದ್ದೆ, ಊಟದ ಹೊತ್ತಲ್ಲಿ.
ಬರೆದಿತ್ತು: ಹಕ್ಕು ನಿಮ್ಮದೇ.
ಎಂಥ ಮರ್ಯಾದೆ! ಬಹುವಚನ ಬೇರೆ.
ಕೆಳಗಿನ ಸಾಲು: ಆದರೆ ಬಳಸಲು, ನಕಲಿಸಲು, ತಿದ್ದಲು,
ಮತ್ತೊಬ್ಬರ ಕೈಗೆ ದಾಟಿಸಲು, ಲೋಕದ ಎಲ್ಲ ಕಡೆ, ಬಿಟ್ಟಿಯಾಗಿ,
ನಮಗೆ ಅನುಮತಿ ಕೊಟ್ಟಿದ್ದೀರಿ.
ಸೂರತ್ತಿನವನು ಅಷ್ಟೂ ಕೇಳಿರಲಿಕ್ಕಿಲ್ಲ.
ಬಾಗಿಲು ತೆರೆದಿತ್ತು, ಹೊತ್ತುಕೊಂಡು ಹೋದ.

ಅಜ್ಜ ಕೆರಿಯಪ್ಪ ಇದ್ದಿದ್ದರೆ ತಟ್ಟನೆ ಗುರುತು ಹಿಡಿಯುತ್ತಿದ್ದ.
ಕೊಳಗ ಒಡೆಯರದು, ಅಳೆಯುವ ಕೈ ಒಡೆಯರದು,
ಬೆಳೆ ಮಾತ್ರ "ನಿಂದೇ ಅಲ್ಲವೇನೋ."
ಆಮೇಲೆ ಕಾಗೋಡು. ಆಮೇಲೆ ಜೈಲಿನ ಗಂಜಿ.
ಎಷ್ಟೋ ವರ್ಷ ಕಳೆದು ಏಳನೇ ನಂಬರಿನ ಫಾರಂ,
ಟ್ರಿಬ್ಯೂನಲ್ಲಿನ ಬೆಂಚು, ಹೆಬ್ಬೆಟ್ಟಿನ ಮಸಿ,
ಒಂದೆಕರೆ ಹನ್ನೆರಡು ಗುಂಟೆ.
ಉಳುವವನೇ ಒಡೆಯ.
ಎಳೆಯುವವಳು?
ಅವಳಿಗೆ ಎಷ್ಟನೇ ನಂಬರಿನ ಫಾರಂ?

ವಕೀಲೆ ನಾಗವೇಣಿ ಇನ್ನೊಂದು ಗಂಟು ಹಾಕಿದಳು.
"ಫೋಟೋದ ಹಕ್ಕು ತೆಗೆದವರದು. ಅಂದರೆ ನಿನ್ನದು.
ಚಿತ್ತಾರದ್ದು ಚಿಕ್ಕಿಯದು. ಸಾಬೀತಿಗೆ ಗೋಡೆ ಇದೆಯಾ?"
ಗೋಡೆಗೆ ದೀಪಾವಳಿಯಲ್ಲಿ ಹೊಸ ಕೆಮ್ಮಣ್ಣು ಬಳಿದಾಗಿತ್ತು.
ಈಗ ಉಳಿದ ಸಾಕ್ಷಿ
ನಾನು ಕದ್ದದ್ದು,
ಅವರು ನನ್ನಿಂದ ಕದ್ದದ್ದು.

ಚಾದರ ಕೊಂಡು ಮನೆಗೆ ತಂದೆ.
ಕಾಸು ಕೊಟ್ಟು ತಂದೆ ಅನ್ನಲು ನಾಚಿಕೆಯಾಗಿ
ನೂರು ರೂಪಾಯಿ ಕಡಿಮೆ ಹೇಳಿದೆ.
ಚಿಕ್ಕಿ ಮೊದಲು ಬಟ್ಟೆ ಉಜ್ಜಿ ನೋಡಿದಳು, "ಹತ್ತಿ ಅಲ್ಲ."
ಆಮೇಲೆ ಬೆರಳು ಊರುತ್ತ ಎಣಿಸತೊಡಗಿದಳು,
ಅಂಚಿನಿಂದ ಅಂಚಿಗೆ, ಮೊಣಕಾಲ ಮೇಲೆ ಸರಿಯುತ್ತ.
"ಇಪ್ಪತ್ತನಾಲ್ಕು."
ಏನು?
"ನಾನು ಒಂದು ಸಲ ತಪ್ಪಿದ್ದನ್ನ
ಇವರು ಇಪ್ಪತ್ತನಾಲ್ಕು ಸಲ ತಪ್ಪಿದಾರಲ್ಲೇ!
ಒಬ್ಬನಾದರೂ ನಿಂತು ನೋಡಬಾರದಿತ್ತಾ?"
ನಕ್ಕಳು. ಎದ್ದು ಹೋಗಿ ಹೊಲಿಗೆಯ ಡಬ್ಬ ತಂದಳು.

ಸಂಜೆಯೊಳಗೆ ಆರು ಕೊಕ್ಕುಗಳನ್ನು ಬಿಳಿ ದಾರದಲ್ಲಿ ಮುಚ್ಚಿ
ಎಳೆ ನೆಟ್ಟಗೆ ಮಾಡಿದ್ದಳು.
ಬೆಳಕು ಚೆನ್ನಾಗಿತ್ತು, ಅವಳ ಕನ್ನಡಕ ಜಾರಿತ್ತು.
"ಒಂದು ಫೋಟೋ ತೆಗೀಲಾ ಚಿಕ್ಕಿ?"

ತಲೆ ಎತ್ತಿದಳು.
"ಈ ಸಲ ಕೇಳಿದೆ."
ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.
ದಾರ ಮುಗಿದಿತ್ತು, ಸೂಜಿ ಚಾಚಿ
"ಪೋಣಿಸಿ ಕೊಡು" ಅಂದಳು.