ಮುಟ್ಟಬೇಡಿ ಎಂದಿದ್ದ ಸಾಲು

ಮಂಡಿಪೇಟೆ, ಗೋಣಿಚೀಲದ ಅಂಗಡಿಯ ಮೇಲೆ
ಎರಡು ಕೋಣೆ, ಒಂದು ಫ್ಯಾನು.
ಹನ್ನೊಂದು ರಾತ್ರಿ ಅಲ್ಲಿ ಕೂತು ಕೊಟ್ರೇಶ
ಮೆಕ್ಕೆಜೋಳದ ತೂಕಕ್ಕೆ ಸಾಫ್ಟ್‌ವೇರ್ ಎಬ್ಬಿಸಿದನಂತೆ,
ಕೀಬೋರ್ಡಿನ ಸಂದಿಗೆಲ್ಲ ಮಂಡಕ್ಕಿ, ಖಾರದ ಪುಡಿ.
ನೆಟ್ಟಗೆ ಹೆಸರಿಡಲೂ ಪುರಸೊತ್ತಿಲ್ಲ:
ಚೀಲ, ಚೀಲ೨, ಚೀಲ_ಹೊಸದು,
ಚೀಲ_ನಿಜವಾಗ್ಲೂ_ಹೊಸದು.
ಆದರೂ ಆ ಸುಗ್ಗಿಗೆ, ದಾವಣಗೆರೆಯ ಯಾರ್ಡಿನಲ್ಲಿ
ಚೀಟಿ ಬಂತು, ಬಿಸಿಬಿಸಿ.

ಆಮೇಲೆ ಅವನಿಗೆ ಬೇಸರ.
ಓಡುವುದನ್ನು ನೋಡುತ್ತ ಕೂರುವ ಜೀವವಲ್ಲ ಅದು.
ಹಬೀಬಾ ಬಂದಳು, ಭಾಷಾನಗರದಿಂದ, ಸ್ಕೂಟಿಯ ಮೇಲೆ.
ಹಳೇ ಕ್ಯಾಲೆಂಡರುಗಳ ಬೆನ್ನು ಗೋಡೆಗಂಟಿಸಿ
ಚೌಕ ಬರೆದಳು, ಬಾಣ ಬರೆದಳು.
ಒಂದು ಯಾರ್ಡಿನ ಗುಡಿಸಲು
ಹದಿನಾಲ್ಕು ಯಾರ್ಡಿಗೆ ಸಾಲುಮನೆಯಾಯಿತು.
ಎರಡು ತಿಂಗಳು ಇಬ್ಬರಿಗೂ ಮಾತಿಲ್ಲ.
ನನ್ನ ಕೂಸಿನ ಕೈಕಾಲು ಮುರೀತಾಳೆ ಅಂತ ಅವನು;
ಕೂಸಲ್ಲ, ಗಂಟು ಅಂತ ಅವಳು.

ನಾನು ಬಂದದ್ದು ಐದನೇ ವರ್ಷ.
ಹೊಸದೇನೂ ಕಟ್ಟುವವಳಲ್ಲ.
ನನ್ನ ಕೆಲಸ ಯಾರಿಗೂ ಕಾಣದಿದ್ದರೆ
ಆ ದಿನ ಚೆನ್ನಾಗಿತ್ತು ಅಂತ ಲೆಕ್ಕ.
ದಿನಾ ಏನು ಮಾಡ್ತೀಯವ್ವ, ಅತ್ತೆ ಕೇಳುತ್ತಾರೆ.
ಏನೂ ಆಗದ ಹಾಗೆ ಮಾಡ್ತೀನಿ ಅಂದರೆ ನಗುತ್ತಾರೆ.

ಆಳದಲ್ಲೊಂದು ಸಾಲಿತ್ತು ಕೊಟ್ರೇಶನದು:
ಮಳೆ ದಿನವಾದರೆ ಚೀಲಕ್ಕೆ ಇನ್ನೂರು ಗ್ರಾಂ ಕಳೆ.
ಅದರ ನೆತ್ತಿಗೆ: ಮುಟ್ಟಬೇಡಿ. ಯಾಕೆ ಅಂತ ಕೇಳಬೇಡಿ.
ಕಾರಣವಿಲ್ಲದ ಸಾಲು ಕಸ ಎಂದು ಕಲಿತವಳು ನಾನು,
ಅಳಿಸಿದೆ.
ಮರುದಿನ ಸುರಿಯಿತು. ಖರೀದಿದಾರರು ಚೀಟಿ ಹರಿದರು,
ನಲವತ್ತು ಲಾರಿ ಗೇಟಿನಲ್ಲೇ.

ಹಮಾಲಿ ಅಂಜಿನಪ್ಪ ನನ್ನ ಕೈಗೆ
ಖಾಲಿ ಗೋಣಿಯೊಂದನ್ನು ಕೊಟ್ಟರು: ಇದು ಒಣಗಿದ್ದು.
ಇನ್ನೊಂದನ್ನು ಕೊಟ್ಟರು: ಇದು ನೆಂದದ್ದು.
ತೋಳು ತಾನಾಗಿ ಇಳಿಯಿತು.
"ಮೂರು ದಿನ ನಮ್ಮ ಜೊತೆ ಚೀಲ ಹೊತ್ತಿದ್ದ ಆ ಹುಡುಗ.
ನಿಮಗ ಹೇಳಲಿಲ್ಲೇನು?"

ಸಾಲನ್ನು ಇದ್ದಲ್ಲೇ ಇಟ್ಟೆ. ಒಂದೇ ಕಡೆ ತಿದ್ದಿದ್ದು;
ಹದಿನಾಲ್ಕು ಯಾರ್ಡೂ ಸರಿಹೋದವು.
ಗೋಡೆಯ ಹಳದಿ ಚೌಕಗಳನ್ನು
ಅವತ್ತೇ ನಾನು ಸರಿಯಾಗಿ ನೋಡಿದ್ದು.
'ಕೇಳಬೇಡಿ'ಯ ಕೆಳಗೆ ಬರೆದೆ:
ನೆಂದ ಗೋಣಿ. ಅಂಜಿನಪ್ಪನವರನ್ನು ಕೇಳಿ.

ಮೊನ್ನೆ ಕೊಟ್ರೇಶನ ಫೋನು, ಹಿಂದೆ ಭಟ್ಟಿಯ ಚಟಪಟ.
ಮಂಡಕ್ಕಿ ಭಟ್ಟಿಗಳಿಗೆ ಹೊಸದೊಂದು ಹಚ್ಚಿದ್ದಾನಂತೆ,
ಬರ್ತೀರಾ ಅಂದ.
"ಓಡ್ತೈತಾ?"
"ಮಸ್ತ್ ಓಡ್ತೈತಿ!"
"ಹಂಗಾರೆ ಈಗ ಬ್ಯಾಡ" ಅಂದೆ,
"ನಿಮಗ ಬ್ಯಾಸರಾದಾಗ ಹೇಳ್ರಿ."