ಏಳನೆಯ ಕಲಮು

ಸಿಂಗಾಪುರ ಬಿದ್ದ ವರ್ಷ
ಒಗುಟಾ ಕೆರೆಯ ದಂಡೆಯಲ್ಲಿ ನನಗೊಂದು ಮೇಜು ಕೊಟ್ಟರು,
ಒಂದು ತಕ್ಕಡಿ, ನೇರಳೆ ಶಾಯಿಯ ಒಂದು ಮುದ್ರೆ.
ಮಲಯದ ಎಣ್ಣೆ ಜಪಾನಿನ ಪಾಲಾಯಿತು, ಇನ್ನು ನೀವೇ ಗತಿ
ಎಂದು ಜಿಲ್ಲಾಧಿಕಾರಿ ಸಂತೆ ಸಂತೆಗೂ ಡಂಗುರ ಹೊಡೆಸಿದ.
ತಾಳೆಯ ಒಂದು ಬೀಜವೂ
ನನ್ನ ಮುದ್ರೆಯಿಲ್ಲದೆ ದೋಣಿ ಹತ್ತುವಂತಿಲ್ಲ.

ಬೆಲೆ ಲಂಡನ್ನಿನಲ್ಲಿ ಕೂತು ಬರೆದದ್ದು.
ಯಾವ ಹಡಗು, ಯಾರ ಪಾಲೆಷ್ಟು, ಅದೂ ಅಲ್ಲೇ.
ನಮ್ಮ ಫಾರಮ್ಮಿನ ಏಳನೆಯ ಕಲಮಿನಲ್ಲಿ
'ಮಿತ್ರರಾಷ್ಟ್ರ' ಎಂದಷ್ಟೇ ಅಚ್ಚಾಗಿತ್ತು,
ಮುಂದೆ ಚುಕ್ಕಿ ಚುಕ್ಕಿ ಚುಕ್ಕಿ.

ಎಂಬಾಫೊ ಬಂದಳು, ತಲೆಯ ಮೇಲೆ ಮೂಟೆ.
ಒಂದು ಬೀಜಕ್ಕೆ ಒಂದು ಪೆಟ್ಟು, ಕಲ್ಲಿನ ಮೇಲೆ ಕಲ್ಲು;
ಮೂಟೆಗೆ ಎಷ್ಟು ಪೆಟ್ಟೆಂಬ ಲೆಕ್ಕ
ಮಿಷನ್ ಶಾಲೆಯಲ್ಲಿ ನನಗೆ ಹೇಳಿಕೊಟ್ಟಿರಲಿಲ್ಲ.
ಹೆಬ್ಬೆರಳ ಉಗುರು ಕಪ್ಪುಗಟ್ಟಿತ್ತು.

'ಮಿತ್ರರು ಅಂದರೆ ಯಾರಪ್ಪ?'
ಗೆಳೆಯರು, ಎಂದೆ.
'ಗೆಳೆಯ ಬಂದರೆ ಕೋಲಾ ಕಾಯಿ ಒಡೆಯುತ್ತೇವೆ,
ಯಾರ ಮಗ ಅಂತ ಕೇಳುತ್ತೇವೆ.
ಇವನು ಯಾರ ಮಗ?'
ಅದಕ್ಕೆ ಕಲಮು ಇರಲಿಲ್ಲ.

ಅವಳು ಬಂದದ್ದು ದುಡ್ಡಿಗಲ್ಲ, ಚೀಟಿಗೆ.
ಬೀಜ ತಂದವರಿಗೆ ಚೀಟಿ, ಚೀಟಿ ಇದ್ದವರಿಗೆ ಉಪ್ಪು.
ತಾರದ ಮನೆಯ ಸಾರು ಸಪ್ಪೆ: ಹುಕುಮು.
ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು, ಸರಿ.
ಉಪ್ಪಿಗೇ ಬೀಗ ಜಡಿದ ಮನೆಗೆ?

ಮೂಟೆ ತಕ್ಕಡಿಗೆ ಇಳಿದಾಗ ಸದ್ದು ಬೇರೆ ಬಂತು.
ಕೈ ಹಾಕಿದೆ.
ಕಲ್ಲು. ಹತ್ತೋ ಹನ್ನೆರಡೋ.
ಬೀಜದ ಗಾತ್ರಕ್ಕೆ ಸರಿಯಾಗಿ ಆಯ್ದವು,
ಎಷ್ಟು ಸಂಜೆ ಆಯ್ದಳೋ.
ಅವಳು ನನ್ನನ್ನು ನೋಡಲಿಲ್ಲ, ದೋಣಿ ನೋಡುತ್ತಿದ್ದಳು.

'ಅರವತ್ತೆಂಟು ಪೌಂಡು, ಮಾಲು ಶುದ್ಧ'
ಎಂದು ಬರೆದು ಮುದ್ರೆ ಒತ್ತಿದೆ.
ಸಿಗರೇಟು ಡಬ್ಬಿಯಲ್ಲಿ ಅಳೆದ ಉಪ್ಪನ್ನು ಎಲೆಯಲ್ಲಿ ಕಟ್ಟಿ
ಮೇಜಿನ ಮೇಲೆ ಚೆಲ್ಲಿದ ನಾಲ್ಕು ಹರಳನ್ನೂ
ಬೆರಳು ಒದ್ದೆ ಮಾಡಿಕೊಂಡು ಎತ್ತಿದಳು,
ನನ್ನ ಶಾಯಿಯ ಕಲೆಯ ಸಮೇತ.

ಹಡಗು ಮುಟ್ಟಿತೋ, ನಡುನೀರಲ್ಲಿ ಹೋಯಿತೋ,
ಗುಮಾಸ್ತನಿಗೆ ಯಾರೂ ಕಾಗದ ಬರೆಯುವುದಿಲ್ಲ.
ಮುಟ್ಟಿದ್ದರೆ
ಆ ಗೆಳೆಯರ ಊರಿನ ಗಾಣದಲ್ಲಿ ಒಂದು ರಾತ್ರಿ
ಹಲ್ಲು ಮುರಿದು ಚಕ್ರ ನಿಂತಿರಬೇಕು;
ಯಾರೋ ಬೈದುಕೊಳ್ಳುತ್ತ ದೀಪ ಹಿಡಿದು ಬಗ್ಗಿ
ಎಣ್ಣೆ ಮೆತ್ತಿದ ಕಲ್ಲೊಂದನ್ನು ಬೆಳಕಿಗೆ ಎತ್ತಿ
ಯಾವ ಊರಿನದಪ್ಪ ಇದು ಎಂದು
ಒಂದು ಸಲವಾದರೂ
ಕೇಳಿರಬೇಕು.